ಆದ್ರೆ ಸಾಹೇಬ

ಶೂ ಕಂಪನಿಯಿಂದ ಸ್ಯಾಂಪಲ್ ನೋಡಲು ಬರುವವನಿಗೆ ಶೆಡ್ಡಿನ ಹೆಂಗಸರು 'ಆದ್ರೆ ಸಾಹೇಬ' ಎಂದು ಹೆಸರಿಟ್ಟಿದ್ದರು. ಬಾಳೆನಾರಿನ ಹಾಳೆಯನ್ನು ಎಳೆದು ನೋಡುವನು, ಮಡಚಿ ನೋಡುವನು, ನೀರಲ್ಲಿ ಅದ್ದಿ ನೋಡುವನು. ಕೊನೆಗೆ, "ಎಲ್ಲಾ ಸರಿಯಿದೆ, ಆದ್ರೆ…" ಎನ್ನುವನು. ಮೊಸರಲ್ಲಿ ಕಲ್ಲು ಹುಡುಕುವವರು ಎಲ್ಲ ಕಡೆಯೂ ಇರುತ್ತಾರೆ. ಇವನು ಹುಡುಕುವಾಗ ಮೊಸರನ್ನು ಬಿಟ್ಟು ಶೆಡ್ಡಿನ ಒಡತಿಯ ಕಡೆ ನೋಡುತ್ತಿದ್ದ.

ಒಡತಿಗೆ ಅದು ತಿಳಿಯದೆ ಇರಲಿಲ್ಲ. ಅವನು ಬರುವ ಶುಕ್ರವಾರ ಮಾತ್ರ ಅವಳು ರಬ್ಬರ್ ಹಾಲು ಮೆತ್ತಿದ ಏಪ್ರನ್ ಬಿಚ್ಚಿಟ್ಟು ಮುಖ ತೊಳೆಯುತ್ತಿದ್ದಳು. ಅವನು ಇಷ್ಟವಾಗಿದ್ದ. ಅದನ್ನು ತನ್ನಲ್ಲೇ ಒಪ್ಪಿಕೊಂಡು ಸುಮ್ಮನಿದ್ದಳು, ಏಕೆಂದರೆ ತಲೆಬಿಸಿಗೆ ಬೇರೆಯದೇ ಬೇಕಾದಷ್ಟಿತ್ತು. ಗೊನೆ ಕಡಿದ ಮೇಲೆ ತೋಟದವರು ಕೊಳೆಯಲು ಬಿಡುತ್ತಿದ್ದ ಬಾಳೆದಿಂಡನ್ನು ತಂದು, ನಾರು ಬಿಡಿಸಿ, ಬೇಯಿಸಿ, ಅರೆದು, ರಬ್ಬರ್ ಹಾಲು ಬೆರೆಸಿ, ಚರ್ಮದಂಥ ಹಾಳೆ ಮಾಡುವ ವಿದ್ಯೆಯೇನೋ ಕೈಹತ್ತಿತ್ತು. ಕೊಳ್ಳಲು ಮುಂದೆ ಬಂದದ್ದು ಈ ಒಂದೇ ಕಂಪನಿ. ತಿಂಗಳೊಳಗೆ ಸ್ಯಾಂಪಲ್ ಪಾಸಾಗದಿದ್ದರೆ ಅವರು ಹೊಸ ಶೂಗಳಿಗೆ ಹಳೆಯ ಪ್ಲಾಸ್ಟಿಕ್ಕನ್ನೇ ಹಾಕುವವರಿದ್ದರು. ಆಮೇಲೆ ಶೆಡ್ಡಿಗೆ ಬೀಗವೇ ಗತಿ.

"ಕೈಗೆ ಸ್ವಲ್ಪ ಒರಟು," ಎಂದಿದ್ದ ಹೋದ ಶುಕ್ರವಾರ.

ಈ ಶುಕ್ರವಾರ ಬೆರಳಾಡಿಸಿ, "ಎಲ್ಲಾ ಸರಿಯಿದೆ, ಆದ್ರೆ ನುಣುಪು ಜಾಸ್ತಿ ಆಯ್ತೇನೋ," ಎಂದ.

ನಾರು ಬೇಯಿಸುವ ಹಂಡೆಯ ಬಳಿಯಿಂದ ಒಡತಿಯ ಚಿಕ್ಕಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು.

"ಅದು ಹೋದ ವಾರದ್ದೇ ಹಾಳೆ ಕಣಪ್ಪಾ. ನಾನೇ ಧೂಳು ಕೊಡವಿ ಇಟ್ಟೆ. ಕಪಾಟಲ್ಲಿ ಕೂತೂ ಕೂತೂ ನುಣುಪಾಯ್ತಾ?"

ಹೆಂಗಸರು ನಕ್ಕರು. ಒಡತಿ ನಗಲಿಲ್ಲ. ಎಲ್ಲರನ್ನೂ ಆಚೆ ಕಳಿಸಿದಳು. ಚಿಕ್ಕಮ್ಮ ಹಂಡೆಯವರೆಗೆ ಮಾತ್ರ ಹೋದಳು. ಅದಕ್ಕಿಂತ ದೂರ ಹೋಗುವುದು ಅವಳಿಂದ ಆಗದ ಮಾತು.

"ಹಾಳೆ ಯಾವಾಗಿಂದ ಸರಿಯಿದೆ?" ಒಡತಿ ಕೇಳಿದಳು.

"ಮೊದಲನೇ ಸಲದಿಂದ."

"ಮತ್ತೆ?"

"ಪಾಸ್ ಮಾಡಿಬಿಟ್ರೆ ನನಗೆ ಇಲ್ಲಿಗೆ ಬರೋ ಕೆಲಸ ಇರ್ತಿರ್ಲಿಲ್ಲ." ಅವನ ಕಿವಿ ಕೆಂಪಾಗಿತ್ತು. "ನಿಮ್ಮನ್ನ ನೋಡ್ಬೇಕು ಅನ್ನಿಸ್ತಿತ್ತು."

ಈ ಮಾತಿಗೆ ಅವಳು ಎಷ್ಟು ಶುಕ್ರವಾರ ಕಾದಿದ್ದಳೋ! ಬಂದಾಗ ಮೈಯೆಲ್ಲ ಉರಿಯಿತು.

"ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಿಮ್ಮ ಒಂದೊಂದು 'ಆದ್ರೆ'ಗೂ ನಾವಿಲ್ಲಿ ಹಂಡೆಗಟ್ಟಲೆ ನಾರು ಬೇಯಿಸಿದ್ವಿ. ನಮ್ಮ ಚಿಕ್ಕಮ್ಮನ ಕೈ ನೋಡಿ, ಬೊಬ್ಬೆ ಎದ್ದಿದೆ."

ಅವನು ನೋಡಿ ತಲೆ ತಗ್ಗಿಸಿದ.

"ತಪ್ಪಾಯ್ತು. ಈಗ್ಲೇ ಪಾಸ್ ಮಾಡ್ತೀನಿ."

"ಬೇಡ. ನೀವು ಪಾಸ್ ಮಾಡಿದ್ರೆ, ಹಾಳೆ ನೋಡಿ ಮಾಡಿದ್ರೋ ಇವಳ ಮುಖ ನೋಡಿ ಮಾಡಿದ್ರೋ ಅಂತ ನಾಳೆ ಆಡ್ಕೋತಾರೆ. ಬೇರೆಯವರನ್ನ ಕಳ್ಸೋಕೆ ಹೇಳಿ. ಯಾಕೆ ಅಂತಾನೂ ಹೇಳಿ."

ಅವನು ಅಲ್ಲೇ ನಿಂತು ಫೋನ್ ಮಾಡಿದ.

"ಸ್ಯಾಂಪಲ್ ಮೊದಲಿಂದ್ಲೂ ಸರಿಯಿತ್ತು ಸರ್. ತಪ್ಪು ನಂದು… ಅಲ್ಲ ಸರ್, ಅವರದೇನೂ ಇಲ್ಲ. ಅವರಿಗೆ ಗೊತ್ತೂ ಇರ್ಲಿಲ್ಲ. ಇಷ್ಟ ಆಗಿದ್ದು ನನಗೊಬ್ಬನಿಗೇ."

ಆ ಕಡೆಯ ಬೈಗುಳ ಹಂಡೆಯವರೆಗೂ ಕೇಳಿಸಿತು. ಅವನು ಗೇಟು ದಾಟಿದ ಮೇಲೆ ಒಡತಿ ಏಪ್ರನ್ ಮತ್ತೆ ಕಟ್ಟಿಕೊಂಡಳು.

ಮುಂದಿನ ವಾರ ಕಂಪನಿಯಿಂದ ಒಬ್ಬ ಹೆಂಗಸು ಬಂದಳು. ಎಳೆದಳು, ಮಡಚಿದಳು, ಅದ್ದಿದಳು, ಸಹಿ ಹಾಕಿ ಹೋದಳು. ಶೆಡ್ಡು ಉಳಿಯಿತು. ಅಂದು ಎಲ್ಲರೂ ಕುಣಿದಾಡಿದರು. ಒಡತಿಗೆ ಮಾತ್ರ ಶುಕ್ರವಾರ ಬಿಕೋ ಎನ್ನತೊಡಗಿತು.

ಮೊದಲ ಲೋಡನ್ನು ತಲುಪಿಸಲು ಡ್ರೈವರ್ ಸಾಕಿತ್ತು. ಅವಳೂ ಲಾರಿ ಹತ್ತಿದಳು. ಕಂಪನಿಯವರು ಅವನನ್ನು ಗೋಡೌನಿಗೆ ಹಾಕಿದ್ದರು. ಅವಳನ್ನು ಕಂಡವನೇ ಗಾಬರಿಯಾಗಿ ಲೋಡಿನ ಹಗ್ಗದ ಗಂಟು ಬಿಚ್ಚಲು ಕೂತ. ಗಂಟು ಇನ್ನಷ್ಟು ಬಿಗಿಯಾಯಿತು.

"ನಿಮ್ಮ ಸಾಹೇಬರಿಗೆ ಇನ್ನೊಂದು ಫೋನ್ ಮಾಡ್ಬೇಕಲ್ಲ," ಎಂದಳು.

"ಯಾಕೆ? ಹಾಳೆಯಲ್ಲಿ ಏನಾದ್ರೂ ತೊಂದರೇನಾ?"

"ಹಾಳೆ ಚೆನ್ನಾಗೇ ಇದೆ. ಅವತ್ತು ನೀವು ಅವರಿಗೆ ಒಂದು ಸುಳ್ಳು ಹೇಳಿದ್ರಿ."

"ಇಲ್ಲಪ್ಪ, ಎಲ್ಲಾ ನಿಜಾನೇ ಹೇಳಿದೆ. ಯಾವುದು ಸುಳ್ಳು?"

ಅವಳು ಬಗ್ಗಿ, ಅವನ ಕೈಯಿಂದ ಹಗ್ಗ ತೆಗೆದುಕೊಂಡಳು.

"ನನಗೊಬ್ಬನಿಗೇ ಅಂದ್ರಲ್ಲ, ಅದು."