ಸತ್ತವನ ಮುಖ ಕಂಡ ಕತ್ತಿ

“ಅದ ಮುಟ್ಬ್ಯಾಡಿ. ಸತ್ತೋರ ಮೊಕ ಕಂಡಿರೋ ಕತ್ತಿ ಅದು.”

ಅಟ್ಟದ ಏಣಿಯ ಬುಡದಲ್ಲಿ ನಿಂತು ಮಂಗಳಮ್ಮ ಹೀಗೆಂದಾಗ ಅವಳ ಗಂಡ ಚಲುವರಾಜು ನಕ್ಕುಬಿಟ್ಟ. ಕನ್ನಂಬಾಡಿ ನಾಲೆಯ ನೀರು ಮಂಡ್ಯದ ಸೀಮೆಗೆ ಹರಿದ ಹೊಸತು. ಅವನು ದುದ್ದ ಗ್ರಾಮಕ್ಕೆ ಮನೆಯಳಿಯನಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬಿತ್ತನೆ ಅವರೆಯ ಗಡಿಗೆ ಇಳಿಸಿಕೊಡಪ್ಪ ಎಂದು ಅತ್ತೆ ದೇವಿರಮ್ಮ ಅವನನ್ನು ಅಟ್ಟ ಹತ್ತಿಸಿದ್ದಳು. ಗಡಿಗೆಯ ಹಿಂದೆ, ಜೇಡರ ಬಲೆಯೊಳಗೆ, ಕೆಂಪು ಬಟ್ಟೆಯ ಗಂಟು. ಗಂಟಿನಲ್ಲಿ ಕ್ಷೌರದ ಕತ್ತಿ.

ಅಂಥ ಕತ್ತಿಯ ಬೆಲೆ ಆ ಊರಲ್ಲಿ ಅವನೊಬ್ಬನಿಗೇ ಗೊತ್ತು. ಬೆಂಗಳೂರು ದಂಡಿನಲ್ಲಿ ಸಾಹೇಬರ ಸಾಮಾನಿನ ಅಂಗಡಿಯಲ್ಲಿ ದುಡಿದವನು. ದಂತದ ಹಿಡಿ. ಅಲಗಿನ ಬುಡದಲ್ಲಿ ಜರ್ಮನಿಯ ಸೋಲಿಂಗೆನ್ ಊರಿನ ಮುದ್ರೆ. ಎರಡು ಮಗ್ಗುಲನ್ನೂ ತೋಡಿ ತೋಡಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿಸಿದ ಉಕ್ಕು. ಉಗುರಿನಿಂದ ಮೀಟಿದ. ಸಣ್ಣಗೆ, ಬಹಳ ಹೊತ್ತು ಹಾಡಿತು.

“ನಮ್ ಚಿಕ್ಕಯ್ಯ ಜರ್ಮನ್ ಲಡಾಯಿಗೆ ಓಗಿ ತಂದದ್ದು. ಅವ್ರು ಸತ್ತಾಗ ಎಣಕ್ಕೆ ಇದ್ರಲ್ಲೇ ಕೆರೆದ್ರು. ಬೂದಿ ಜತೆಗೆ ಒಳೆಗೆ ಬುಡ್ಬೇಕಿತ್ತು, ಬುಡ್ನಿಲ್ಲ. ಬ್ಯಾಡಿ, ನನ್ ಮಾತ್ ಕೇಳಿ.”

“ನಿಮ್ ಚಿಕ್ಕಯ್ಯ ಬಂದು ವಾಪಸ್ ಕೇಳಿದ್ರೆ ಕೊಡಾನ ಬುಡು,” ಎಂದ ಚಲುವರಾಜು.

ಮಾರನೆಯ ಬೆಳಿಗ್ಗೆ ಬಚ್ಚಲಲ್ಲಿ ಕೂತು ನೊರೆ ಬಳಿದುಕೊಂಡ. ತನ್ನ ಗಡ್ಡ ತಾನೇ ಹೆರೆದುಕೊಳ್ಳುವವರು ಆ ಸೀಮೆಯಲ್ಲಿ ಅಪರೂಪ. ಮಂಗಳಮ್ಮನ ಅಣ್ಣ ಮಾದಯ್ಯ ಪಡಸಾಲೆಯ ಮಂಚದಿಂದಲೇ ನೋಡಿ ನಕ್ಕ. ಯಾವ ಡಾಕ್ಟರಿಗೂ ತಿಳಿಯದ ಕಾಯಿಲೆಯಲ್ಲಿ ಮೂಳೆ ಚಕ್ಕಳವಾಗಿ ಮಲಗಿದ್ದರೂ ಅವನ ಬಾಯಿ ಸೊರಗಿರಲಿಲ್ಲ.

“ಏನ್ ಭಾವ, ಮೊಕ ಉಳ್ತಾ ಇದ್ದೀಯಾ? ಬಿತ್ತಕ್ಕೆ ರಾಗಿ ಬೇಕಾ, ಎಳ್ಳು ಬೇಕಾ?”

ಚಲುವರಾಜು ನಗುತ್ತಲೇ ಅಲಗು ಎಳೆದ. ಬೆಣ್ಣೆಯ ಮೇಲೆ ಜಾರಿದಂತಿತ್ತು. ಅದರ ಹಿಂದೆಯೇ ವಾಸನೆ ಬಂತು. ಬಾಡಿದ ಚೆಂಡುಹೂವು, ಸುಟ್ಟ ಕೂದಲು, ನೆನೆದ ಬೂದಿ.

ಆ ಮಧ್ಯಾಹ್ನ ಮಾದಯ್ಯ ತಾನಾಗಿ ಗಂಜಿ ಕೇಳಿ ಕುಡಿದ. ಚಲುವರಾಜುವಿಗೆ ಮುದ್ದೆ ಮಣ್ಣಿನಂತಾಯಿತು. ದಿನ ಕಳೆದಂತೆ ಮಾದಯ್ಯನ ಕೆನ್ನೆ ತುಂಬಿಕೊಂಡಿತು, ಇವನ ಕೆನ್ನೆ ಗುಳಿಬಿತ್ತು. ಕತ್ತಿಯನ್ನು ಬಿಸಾಡಲೆಂದು ಎದ್ದರೆ, ಕೈ ಆಗಲೇ ಅದನ್ನು ಬಿಚ್ಚಿ ಮುಖಕ್ಕೆ ತಂದಿರುತ್ತಿತ್ತು. ಮಂಗಳಾಳ ಮಾತು ಕೇಳಬೇಕಿತ್ತು, ಈ ಮನೆಯಲ್ಲಿ ನನ್ನವಳೆಂದರೆ ಅವಳೊಬ್ಬಳೇ, ಎಂದುಕೊಂಡ.

ಆಷಾಢದ ಮೋಡ ಕವಿದು ಹಗಲೇ ಕಪ್ಪಾಗಿದ್ದ ಒಂದು ಬೆಳಿಗ್ಗೆ, ಅವನು ನೊರೆ ಬಳಿದುಕೊಂಡು ಹೆರೆಯುತ್ತಿದ್ದ. ಬಚ್ಚಲ ಗೋಡೆಯಾಚೆ, ಅಡಿಗೆಮನೆಯಲ್ಲಿ, ಅತ್ತೆಯ ಪಿಸುಮಾತು.

“ಮಳವಳ್ಳಿ ಮಾಟಗಾರ ಏಳಿದ್ದು ಗ್ಯಪ್ತಿ ಐತಲ್ಲವ್ವ? ಮೊದ್ಲು ಬ್ಯಾಡ ಅನ್ಬೇಕು. ಅಂದ್ರೂ ಕೇಳದೆ ತಾನಾಗೇ ತಕ್ಕಂಡವನಿಗೆ ಮಾತ್ರ ಮಾದಯ್ಯನ ಸಾವು ದಾಟೋದು. ಬಾಯ್ಬುಟ್ಟು ಅಂದ್ಯಾ?”

“ಅಂದೆ ಕಣವ್ವ,” ಎಂದಳು ಮಂಗಳಮ್ಮ. “ನಗ್ತಾರೆ ಅಂತ ಗೊತ್ತಿತ್ತು.”

ಅವನ ಉಸಿರು ನಿಂತಿತು. ಕೈ ನಿಲ್ಲಲಿಲ್ಲ. ಬೆರಳು ಬಿಚ್ಚಲು ನೋಡಿದ. ಬಿಚ್ಚಲಿಲ್ಲ. ಅಲಗು ಗಲ್ಲ ದಾಟಿತು. ಗಂಟಲಿಗೆ ಇಳಿಯಿತು. ತಣ್ಣಗೆ. ನೊರೆ ಕೆಂಪಾಯಿತು.

“ಮಂಗಳಾ!”

ಅವಳು ಬಾಗಿಲಿಗೆ ಬಂದಳು. ಕಂಡಳು. ಹತ್ತಿರ ಬರಲಿಲ್ಲ.

“ಯಾಕೆ?” ಅಂದ. ದನಿ ಹೊರಡಲಿಲ್ಲ. ತುಟಿಯಷ್ಟೇ ಆಡಿತು.

“ಗಂಡ ಓದ್ರೆ ಇನ್ನೊಬ್ರಿಗೆ ಕೂಡಿಕೆ ಮಾಡ್ತಾರೆ. ಅಣ್ಣ ಓದ್ರೆ ಇನ್ನೊಬ್ಬ ಅಣ್ಣ ಎಲ್ ಉಟ್ತಾನೆ?” ಅವಳು ಅಳುತ್ತಿದ್ದಳು. ಅಳು ನಿಜವಾದದ್ದೇ.

ಪಡಸಾಲೆಯಲ್ಲಿ ಮಂಚ ಕಿರುಗುಟ್ಟಿತು. ಎಷ್ಟೋ ತಿಂಗಳ ಮೇಲೆ ಮಾದಯ್ಯನ ಹೆಜ್ಜೆಯ ಸದ್ದು.

“ಮಂಗಳಾ, ಅಸಿವಾಯ್ತದೆ ಕಣವ್ವ. ಭಾವನ್ನೂ ಕರಿ, ಒಟ್ಗೆ ಉಣ್ಣಾನ.”

ಮಂಗಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಚ್ಚಲ ಬಾಗಿಲನ್ನು ಮೆಲ್ಲಗೆ ಎಳೆದಳು.

“ನಿನ್ ಭಾವ ಬರಾಕಿಲ್ಲ. ನೀ ಕೂತ್ಕೊಳಣ್ಣ,” ಎಂದು ಒಂದೇ ತಟ್ಟೆ ತರಲು ಒಳಗೆ ಹೋದಳು.