ಕಿವಿ ಮೇಡಂಗೆ ಕೇಳಿಸಬಾರದ ಸದ್ದು

ಗಾಳಿಯಂತ್ರದ ರೆಕ್ಕೆ ಮಾಡುವ ಆ ಕಾರ್ಖಾನೆಯಲ್ಲಿ ಅವಳಿಗೆ ಕಿವಿ ಮೇಡಂ ಎಂದೇ ಹೆಸರು. ಫೈಬರ್ ಹಾಳೆಗಳನ್ನು ಅಂಟಿನಲ್ಲಿ ಅದ್ದಿ ಪದರ ಪದರವಾಗಿ ಕಟ್ಟಿದ ರೆಕ್ಕೆಯ ಮೇಲೆ ನಾಣ್ಯದಿಂದ ಟಕ್ ಟಕ್ ಎಂದು ಬಡಿಯುತ್ತ ಹೋಗುವಳು. ಒಳಗೆಲ್ಲಾದರೂ ಪದರ ಬಿಟ್ಟುಕೊಂಡಿದ್ದರೆ ಸದ್ದು ಮಂದವಾಗುತ್ತದೆ; ಅಲ್ಲಿ ಸೀಮೆಸುಣ್ಣದಿಂದ ಒಂದು ಸುತ್ತು. ಆ ಕಿವಿಯಿಂದ ತಪ್ಪಿಸಿಕೊಂಡ ಸದ್ದಿಲ್ಲ.

ಅವನ ಸಂಕಟವೂ ಅದೇ. ರೆಕ್ಕೆ ಇಪ್ಪತ್ತೈದು ವರ್ಷ ಬಾಳುತ್ತದೆಂದು ರಿಪೋರ್ಟಿಗೆ ಸಹಿ ಹಾಕುವ ಇಂಜಿನಿಯರ್ ಅವನು. ಅವನ ಸ್ವಂತ ಎಡಸೊಂಟ ಮಾತ್ರ ನಲವತ್ತೊಂದಕ್ಕೇ ಕೈಕೊಟ್ಟು, ಅಲ್ಲೀಗ ಸೆರಾಮಿಕ್ ಕೀಲು ಕೂತಿತ್ತು. ನಾಲ್ಕು ಹೆಜ್ಜೆಗೊಮ್ಮೆ ಕಿರ್ ಎನ್ನುತ್ತಿತ್ತು.

"ಕೆಲವರಿಗೆ ಹೀಗೆ ಸದ್ದು ಮಾಡುತ್ತೆ, ಅಪಾಯ ಏನಿಲ್ಲ," ಎಂದಿದ್ದರು ಡಾಕ್ಟರು. ಅಪಾಯವಿಲ್ಲ, ಸರಿ. ಮರ್ಯಾದೆಯ ಗತಿ?

ಹಾಗಾಗಿ ಅವಳು ಬಂದಳೆಂದರೆ ಅವನು ಇದ್ದಲ್ಲೇ ಕಂಬ. ಕಣ್ಣು ಮಾತ್ರ ಅವಳ ಹಿಂದೆಯೇ ಹೋಗುತ್ತಿತ್ತು. ಬಡಿಯುವಾಗ ಅವಳು ರೆಪ್ಪೆ ಮುಚ್ಚಿ, ಕೆಳತುಟಿ ಕಚ್ಚಿಕೊಳ್ಳುವ ಬಗೆಯನ್ನು ನೋಡುತ್ತ ಅವನ ಟೀ ಎಷ್ಟೋ ಸಲ ಆರಿಹೋಗಿತ್ತು.

ಒಂದು ದಿನ ಕಾರಿಡಾರಿನಲ್ಲಿ ಸಿಕ್ಕಿಬಿದ್ದ. ಪಕ್ಕದಲ್ಲೇ ಟ್ರಾಲಿಯೊಂದು ಸಾಗುತ್ತಿತ್ತು.

"ಏನದು, ಕಿರ್ ಅಂತಿದೆ?" ಎಂದಳು.

"ಟ್ರಾಲಿ ಇರ್ಬೇಕು."

ಮಾತು ಜಾರಿಹೋಯಿತು. ಅಂದಿನಿಂದ ಟ್ರಾಲಿ ತಳ್ಳುವ ಹಿರಿಯ, ಎಲ್ಲರ ಟ್ರಾಲಿಯಣ್ಣ, ದಿನಾ ಚಕ್ರಕ್ಕೆ ಎಣ್ಣೆ ಬಿಟ್ಟ, ಕಿರ್ ನಿಲ್ಲದ್ದಕ್ಕೆ ದಿನಾ ಬೈಸಿಕೊಂಡ. "ಚಕ್ರ ಬೆಣ್ಣೆ ಹಾಗಿದೆ ಸಾರ್, ನನ್ನ ಮಾತು ಯಾರೂ ನಂಬಲ್ಲ," ಎಂದು ಇಂಜಿನಿಯರನ ಮುಂದೆಯೇ ಅಲವತ್ತುಕೊಂಡ. ಅವನು ತಲೆ ತಗ್ಗಿಸಿ ಕೂತ.

ಶುಕ್ರವಾರ ಸಂಜೆ ಅವಳು ಬ್ಯಾಗ್ ಹೆಗಲಿಗೇರಿಸಿ ಅವನ ಮೇಜಿನ ಮುಂದೆ ನಿಂತಳು.

"ಬಸ್‌ಸ್ಟಾಪ್ ತನಕ ಜೊತೆಗೆ ಬರ್ತೀರಾ?" ಕೇಳುತ್ತಿರುವುದು ನಾಲ್ಕನೇ ಸಲ.

"ಸ್ವಲ್ಪ ಕೆಲಸ ಇದೆ."

"ಕಂಪ್ಯೂಟರ್ ಆಫ್ ಆಗಿದೆ, ಸಾರ್." ಅವಳ ನಗು ಅರ್ಧಕ್ಕೇ ನಿಂತಿತು. "ನಾನು ಹತ್ರ ಬಂದ್ರೆ ಕಲ್ಲಾಗ್ತೀರಿ. ಇಷ್ಟ ಇಲ್ಲ ಅಂದ್ರೆ ಹೇಳ್ಬಿಡಿ. ಇನ್ನು ಕೇಳಲ್ಲ."

ಬಾಗಿಲಿನತ್ತ ತಿರುಗಿದಳು. ಅವನು ಎದ್ದ. ನಾಲ್ಕು ಹೆಜ್ಜೆ. ಕಿರ್.

ಅವಳು ನಿಂತಳು.

"ಟ್ರಾಲಿ ಅಲ್ಲ, ನಾನು," ಎಂದ. "ಸೊಂಟದ ಕೀಲು ಬದಲಾಯಿಸಿದ್ದಾರೆ. ನಿಮಗೆ ಕೇಳಿಸಿದ್ರೆ ನಗ್ತೀರಿ ಅಂತ ಹೆದರಿ, ಆ ಬಡಪಾಯಿ ಮೇಲೆ ಹಾಕಿ ಸುಮ್ನಿದ್ದೆ. ಈ ಮೂರು ತಿಂಗಳಲ್ಲಿ ನಿಮ್ಮನ್ನ ಇಷ್ಟಪಟ್ಟಿದ್ದು ಬಿಟ್ರೆ ಒಂದು ಕೆಲಸಾನೂ ನೆಟ್ಟಗೆ ಮಾಡಿಲ್ಲ, ಮೇಡಂ."

ಅವಳು ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

"ಸೊಂಟದ ವಿಷಯ ಬಿಡಿ, ಅದರಲ್ಲಿ ನಿಮ್ಮ ತಪ್ಪೇನಿದೆ," ಎಂದಳು. "ಆದ್ರೆ ಆ ಅಣ್ಣನಿಗೆ ನಾನೂ ಬೈದಿದ್ದೀನಿ, ನಿಮ್ಮ ಮಾತು ನಂಬಿ."

"ಗೊತ್ತು."

"ಗೇಟ್ ಹತ್ರ ಕೂತಿದ್ದಾರೆ. ಮೊದಲು ಅಲ್ಲಿಗೆ. ಬಸ್ಸು ಆಮೇಲೆ."

ಗೇಟಿನವರೆಗೆ ಇನ್ನೂರು ಹೆಜ್ಜೆ, ಎರಡೂ ಕಡೆ ಶಿಫ್ಟ್ ಮುಗಿಸಿದ ಜನ. ಪ್ರತಿ ಕಿರ್‌ಗೂ ಒಂದೊಂದು ತಲೆ ತಿರುಗಿತು. ಅವನ ಮುಖ ಸುಡುತ್ತಿತ್ತು. ನೆಲ ನೋಡುತ್ತಲೇ ನಡೆದ. ಅರ್ಧ ದಾರಿಯಲ್ಲಿ ಅವಳ ಕೈ ಬಂದು ಅವನ ತೋಳು ಹಿಡಿಯಿತು.

"ಬೀಳಲ್ಲ, ಪರವಾಗಿಲ್ಲ," ಎಂದ.

"ಬೀಳ್ತೀರಿ ಅಂತ ಹಿಡಿದಿಲ್ಲ," ಎಂದಳು ಮೆಲ್ಲಗೆ. "ನಾಲ್ಕು ಜನ ನೋಡ್ಲಿ ಅಂತ."