ಕಂಪ್ಯೂಟರಿನ ಮುಖ ಯಾವ ಕಡೆ?

ಮೇಜಿನ ಕೆಳಗಿಂದ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಉಳಿದ ಅಪೂರ್ವಾ ಪೂರ್ತಿ ಒಳಗಿದ್ದಳು, ವೈರುಗಳ ನಡುವೆ.

"ಎಂತ ಮಾಡ್ತಿದೀಯೆ ಅಲ್ಲಿ? ಊಟ ಮಾಡಿ ಎದ್ದವಳು ಸೀದಾ ಹೋಗಿ ಅಲ್ಲಿ ಸೇರ್ಕೊಂಡಿದೀಯಲ್ಲ" ಅಂದರು ಅಜ್ಜಿ ಮೀನಾಕ್ಷಮ್ಮ.

"ದೀಪ ನೋಡ್ತಿದೀನಿ ಅಜ್ಜಿ."

ಅಜ್ಜಿಗೆ ದೀಪ ಅಂದರೆ ದೇವರ ಕೋಣೆಯದು. ಅಪೂರ್ವಾ ನೋಡುತ್ತಿದ್ದದ್ದು ಮೋಡೆಮ್ಮಿನ ದೀಪಗಳನ್ನು. ಫೋನ್ ಲೈನಿನಲ್ಲಿ ಬರುವ ಇಂಟರ್‌ನೆಟ್ಟನ್ನು ಕಂಪ್ಯೂಟರಿಗೆ ದಾಟಿಸುವ ಬಿಳಿ ಪೆಟ್ಟಿಗೆ ಅದು. ಅದರ ಮುಂಭಾಗದಲ್ಲಿ ಸಾಸಿವೆ ಕಾಳಿನಷ್ಟೇ ದೊಡ್ಡ ಹಸಿರು ದೀಪಗಳು. ಅವನ್ನು ಸುಮ್ಮನೆ ನೋಡುತ್ತ ಮಲಗಿದರೆ ಕೋಣೆ ಮರೆತು ಹೋಗುತ್ತಿತ್ತು. ರಸ್ತೆಯಾಚೆ ಕಾಫಿಬೀಜ ಹುರಿಯುವ ವಾಸನೆ ಕಿಟಕಿಯಿಂದ ಮೆಲ್ಲಗೆ ಬರುತ್ತಿತ್ತು. ಬಾಳೆಹೊನ್ನೂರಿನ ಬಸ್ಸು ಎಲ್ಲೋ ಹಾರ್ನ್ ಹಾಕಿತು. ಅದೂ ಕನಸಿನಲ್ಲಿ ಕೇಳಿದ ಹಾಗಿತ್ತು.

ನಾಲ್ಕು ಗಂಟೆಗೆ ನಯನ ಚಾಟಿಂಗಿಗೆ ಬರುತ್ತಾಳೆ. ಅಷ್ಟರೊಳಗೆ ನೆಟ್ ಬರಬೇಕು. ಬರದಿದ್ದರೆ ಠೂ.

ನಯನ ಐದನೇ ಕ್ಲಾಸಿನವರೆಗೂ ಅಪೂರ್ವಾಳ ಪಕ್ಕದಲ್ಲೇ ಕೂರುತ್ತಿದ್ದವಳು. ಅವಳ ಅಪ್ಪನಿಗೆ ಬ್ಯಾಂಕಿನಲ್ಲಿ ಕೆಲಸ. ಈ ಬೇಸಿಗೆಯಲ್ಲಿ ಅವರಿಗೆ ಬೀದರಿಗೆ ವರ್ಗವಾಯಿತು. ಹೊರಡುವ ದಿನ ಇಬ್ಬರೂ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಒಪ್ಪಂದ ಮಾಡಿಕೊಂಡಿದ್ದರು. ಪ್ರತಿ ಭಾನುವಾರ ನಾಲ್ಕು ಗಂಟೆಗೆ ಚಾಟಿಂಗ್. ನಯನ ಅವರ ಕಾಲನಿಯ ಸೈಬರ್ ಸೆಂಟರಿಗೆ ಬರುವುದು, ಅಪೂರ್ವಾ ಮನೆಯಲ್ಲೇ ಕೂರುವುದು. ಸಾಲಾಗಿ ಮೂರು ಭಾನುವಾರ ಯಾರು ತಪ್ಪಿಸುತ್ತಾರೋ ಅವರಿಗೆ ಠೂ, ಜೀವಮಾನವಿಡೀ ಮಾತಿಲ್ಲ. ಈ ನಿಯಮ ಹಾಕಿದವಳು ನಯನಳೇ. ಅಪೂರ್ವಾ ತಲೆಯಾಡಿಸಿ ಗಲ್ಲ ಮುಟ್ಟಿ ಆಣೆ ಮಾಡಿದ್ದಳು.

ಈಗ ಎರಡು ಭಾನುವಾರ ತಪ್ಪಿಹೋಗಿದ್ದವು.

ಫೋನ್ ಮಾಡೋಣ ಅಂದರೆ ಅವರ ಹೊಸ ಮನೆಗೆ ಇನ್ನೂ ಫೋನ್ ಬಂದಿರಲಿಲ್ಲ, ನಯನಳ ಅಪ್ಪ ಮೊಬೈಲ್ ನಂಬರ್ ಬದಲಿಸಿದ್ದರು. ಕೊಪ್ಪದ ಸೈಬರ್ ಸೆಂಟರಿಗೆ ಹೋಗೋಣ ಅಂದರೆ ಅದು ಭಾನುವಾರ ಬಾಗಿಲು ಹಾಕಿರುತ್ತಿತ್ತು, ಬೇರೆ ದಿನ ನಯನ ಬರುವುದಿಲ್ಲ.

ಮೊದಲನೆಯ ಭಾನುವಾರ ತಪ್ಪಿದ್ದು ಪೂಜೆಯಿಂದ. ಅಪೂರ್ವಾಳ ಅಪ್ಪ ಸುದರ್ಶನ ಅವರದು ಟಿಲ್ಲರ್, ಪಂಪ್‌ಸೆಟ್ಟುಗಳ ಸ್ಪೇರ್ ಪಾರ್ಟ್ಸ್ ಅಂಗಡಿ. ಮನೆ ಅದರ ಮೇಲಿನ ಮಹಡಿ. ಆಯುಧಪೂಜೆ ಅಂದರೆ ಅಪ್ಪನಿಗೆ ಸಣ್ಣ ವಿಷಯವಲ್ಲ. ವೈರಿದ್ದದ್ದು, ಚಕ್ರವಿದ್ದದ್ದು, ಅಲಗಿದ್ದದ್ದು ಯಾವುದೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಸ್ಪ್ಯಾನರ್, ಮಿಕ್ಸಿ, ಹೊಲಿಗೆ ಮಿಷನ್, ಅಪೂರ್ವಾಳ ಸೈಕಲ್, ಕೊನೆಗೆ ಉಗುರು ಕತ್ತರಿಸುವ ನೇಲ್ ಕಟ್ಟರ್ ಕೂಡ ಚಾಪೆಯ ಮೇಲೆ ಸಾಲಾಗಿ ಕೂತಿತ್ತು. ಹೋದ ವರ್ಷ ಕೊಂಡ ಕಂಪ್ಯೂಟರಿಗೆ ಇದು ಮೊದಲನೆಯ ಪೂಜೆ. ಅಪ್ಪ ಎಲ್ಲಾ ವೈರು ಬಿಚ್ಚಿ, ಒಣ ಬಟ್ಟೆಯಲ್ಲಿ ಒರೆಸಿ, ಸಿಪಿಯು ಡಬ್ಬವನ್ನು ಹೊತ್ತು ತಂದು ಇಟ್ಟರು.

ಅಜ್ಜಿ ಅದನ್ನು ನೋಡಿ ಒಪ್ಪಲಿಲ್ಲ.

"ಹಿಂದೆಮುಂದೆ ಇಟ್ಟಿದೀಯಲ್ಲ ಮಾರಾಯ. ಈ ಕಡೆ ಎಂತ ಇದೆ? ಒಂದು ಗುಂಡಿ, ಒಂದು ಮುಚ್ಚಳ. ಆ ಕಡೆ ನೋಡು, ಕಣ್ಣು, ಕಿವಿ, ಮೂಗು ಎಲ್ಲ ಇದೆ. ಅದರ ಮುಖ ಆ ಕಡೆ."

ಅಪ್ಪನಿಗೆ ನಗು ಬಂತು. ಆದರೂ ಪೂಜೆಯ ಹೊತ್ತಿನಲ್ಲಿ ಅಜ್ಜಿಯ ಮಾತಿಗೆ ಎದುರಿಲ್ಲ. ಡಬ್ಬ ತಿರುಗಿತು. ಫ್ಯಾನಿನ ಮೇಲೆ ಕುಂಕುಮದ ಬೊಟ್ಟು, ನೆತ್ತಿಯ ಮೇಲೆ ಸೇವಂತಿಗೆ ಹೂ. ಅಜ್ಜಿ ಕಣ್ಣು ಮುಚ್ಚಿ ಮಂತ್ರ ಹೇಳುತ್ತ ಎಲ್ಲದಕ್ಕೂ ಧಾರಾಳವಾಗಿ ಅಕ್ಷತೆ ಹಾಕಿದರು. ನಿಜ ಹೇಳಬೇಕೆಂದರೆ ಕಂಪ್ಯೂಟರು ಅಷ್ಟು ಚಂದ ಯಾವತ್ತೂ ಕಂಡಿರಲಿಲ್ಲ.

ಪೂಜೆಗೆ ಇಟ್ಟದ್ದನ್ನು ಮಾರನೆಯ ಸಂಜೆಯ ಮಂಗಳಾರತಿಯವರೆಗೆ ಮುಟ್ಟುವಂತಿಲ್ಲ. ಆ ಮಾರನೆಯ ದಿನವೇ ಭಾನುವಾರ. ಅಪೂರ್ವಾ ಚಾಪೆಯ ಮುಂದೆ ಕೂತು ನಾಲ್ಕು ಗಂಟೆ ಕಳೆದುಹೋಗುವುದನ್ನು ನೋಡಿದಳು.

ಆಮೇಲೆ ಅಪ್ಪ ವೈರುಗಳನ್ನೆಲ್ಲ ಮತ್ತೆ ಸಿಕ್ಕಿಸಿದರು. ಕಂಪ್ಯೂಟರ್ ಆನ್ ಆಯಿತು, ನೆಟ್ ಮಾತ್ರ ಬರಲಿಲ್ಲ. ಅಪ್ಪ ಆಫ್ ಮಾಡಿ ಆನ್ ಮಾಡಿದರು, ಮೋಡೆಮ್ಮಿನ ತಲೆಗೆ ಎರಡು ತಟ್ಟಿದರು, ಲೈನ್ ಸರಿಯಿಲ್ಲ ಅಂತ ಎಕ್ಸ್‌ಚೇಂಜಿಗೆ ಕಂಪ್ಲೇಂಟ್ ಕೊಟ್ಟರು. ಲೈನ್ ಸರಿಯಿದೆ ಅಂತ ಅಲ್ಲಿಂದ ಉತ್ತರ ಬಂತು. ಎರಡನೆಯ ಭಾನುವಾರವೂ ಹೋಯಿತು. ಈಗ ಅಪ್ಪ ಬೇಸತ್ತು, ಸಾಮಾನು ತರಲು ಶಿವಮೊಗ್ಗಕ್ಕೆ ಹೋಗುವಾಗ ಕಂಪ್ಯೂಟರನ್ನೂ ತೆಗೆದುಕೊಂಡು ಹೋಗಿ ತೋರಿಸುವುದು ಅಂತ ಹೇಳಿದ್ದರು. ಅದು ಯಾವಾಗ ಅಂತ ಅವರಿಗೇ ಗೊತ್ತಿರಲಿಲ್ಲ.

ಅಪೂರ್ವಾಳಿಗೆ ಮಾತ್ರ ನಯನ ಕಣ್ಣ ಮುಂದೆಯೇ ಇದ್ದಳು. ಬೀದರನ್ನು ಅವಳು ನೋಡಿರಲಿಲ್ಲ, ಆ ಸೈಬರ್ ಸೆಂಟರನ್ನೂ ನೋಡಿರಲಿಲ್ಲ. ಆದರೂ ಅಲ್ಲೊಂದು ನೀಲಿ ಬಟ್ಟೆಯ ಪರದೆ, ಕೆಂಪು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ನಯನ. ಅದೇ ಎರಡು ಜಡೆ. ಸ್ಕ್ರೀನಿನಲ್ಲಿ 'ಅಪೂರ್ವಾ' ಅನ್ನುವ ಹೆಸರು ಬೂದು ಬಣ್ಣದಲ್ಲೇ ಇದೆ, ಇನ್ನೂ ಬಂದಿಲ್ಲ ಅನ್ನುವ ಗುರುತು. ನಯನ ಅದನ್ನೇ ನೋಡುತ್ತಿದ್ದಾಳೆ. ಗಂಟೆ ಐದಾಯಿತು. ಎದ್ದು ಹೋಗು ಅಂತ ಸೈಬರಿನವರು ಹೇಳುತ್ತಾರೆ. ನಯನ ಕೆಳತುಟಿ ಕಚ್ಚಿಕೊಂಡು ಮೆಟ್ಟಿಲು ಇಳಿಯುತ್ತಾಳೆ.

ಹೇಳಬೇಕಾದ ಕ್ಷಮೆಯ ಮಾತುಗಳನ್ನೆಲ್ಲ ಅಪೂರ್ವಾ ಮನಸ್ಸಿನಲ್ಲೇ ಜೋಡಿಸಿಟ್ಟಿದ್ದಳು. ಅವು ದಿನದಿನಕ್ಕೂ ಉದ್ದವಾಗುತ್ತಿದ್ದವು.

"ಅಜ್ಜಿ, ನಾನು ಶಿವಮೊಗ್ಗಕ್ಕೆ ಒಂದು ಫೋನ್ ಮಾಡ್ಲಾ?" ಅಂದಳು, ಮೇಜಿನ ಕೆಳಗಿಂದ ತೆವಳಿ ಬಂದು. ಅಪ್ಪ ಅಮ್ಮ ಇಬ್ಬರೂ ಅಡ್ಡಗದ್ದೆಗೆ ನೆಂಟರ ಮನೆಗೆ ಹೋಗಿದ್ದರು. ಅಜ್ಜಿ ಅವಳ ಮುಖವನ್ನು ಒಮ್ಮೆ ನೋಡಿ, ಮಾಡು ಅಂದರು.

ಕಂಪ್ಯೂಟರ್ ಮಾರಿದ್ದು ಶಿವಮೊಗ್ಗದ ತೇಜಸ್ವಿ. ಅವರು ಊಟಕ್ಕೆ ಕೂತಿದ್ದರು ಅಂತ ಕಾಣುತ್ತದೆ, ಮಧ್ಯೆ ಮಧ್ಯೆ ಮಜ್ಜಿಗೆಯ 'ಸೊರ್' ಕೇಳುತ್ತಿತ್ತು. ಅಪೂರ್ವಾ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಎಲ್ಲಾ ವೈರು ಕಿತ್ತು ಮತ್ತೆ ಹಾಕಲಾ ಅಂತಲೂ ಕೇಳಿದಳು.

"ಎಲ್ಲ ಒಟ್ಟಿಗೆ ಕೀಳ್ಬೇಡ ಪುಟ್ಟಿ. ಆಮೇಲೆ ಎಲ್ಲಿ ತಪ್ಪಿತ್ತು ಅಂತ ಗೊತ್ತೇ ಆಗಲ್ಲ. ಆ ತುದಿಯಿಂದ ಶುರು ಮಾಡು, ಒಂದೊಂದೇ ನೋಡ್ಕೊಂಡು ಈ ತುದಿಗೆ ಬಾ."

ಮೊದಲು ಫೋನ್ ಲೈನ್. ಅದು ಸರಿಯಿರುವುದರಿಂದಲೇ ಮಾತಾಡುತ್ತಿದ್ದಾರೆ. ಆಮೇಲೆ ಮೋಡೆಮ್ಮಿನ ದೀಪಗಳು. ಕರೆಂಟಿನ ದೀಪ ಇದೆ. ಲೈನಿನ ದೀಪವೂ ಮಿಣುಕದೆ ಉರಿಯುತ್ತಿದೆ. ಪಕ್ಕದಲ್ಲಿ ಇನ್ನೊಂದು ದೀಪದ ಗುಂಡಿಯಿತ್ತು, ಅದು ಕಪ್ಪಗಿತ್ತು. ಇಷ್ಟು ದಿನ ಅಪೂರ್ವಾ ಉರಿಯುವ ದೀಪಗಳನ್ನೇ ನೋಡುತ್ತಿದ್ದಳು. ಉರಿಯದೆ ಇರುವುದೊಂದಿದೆ ಅಂತ ಅವಳಿಗೆ ಹೊಳೆದೇ ಇರಲಿಲ್ಲ.

ಅದು ಮೋಡೆಮ್ಮಿಗೂ ಕಂಪ್ಯೂಟರಿಗೂ ನಡುವಿನ ನೀಲಿ ಕೇಬಲ್ಲಿನ ದೀಪ ಅಂತ ತೇಜಸ್ವಿ ಹೇಳಿದರು. ಅಂದರೆ ನೆಟ್ ಅಷ್ಟು ದೂರದಿಂದ ಬಂದು, ಮೇಜಿನ ಕೆಳಗೆ ಬಂದು ನಿಂತಿದೆ. ಕೊನೆಯ ಒಂದು ಮಾರು ಮಾತ್ರ ಬಾಕಿ. ಕೇಬಲ್ಲಿನ ಎರಡೂ ತುದಿ ತೆಗೆದು 'ಟಕ್' ಅನ್ನುವವರೆಗೆ ಒತ್ತಿ ನೋಡು ಅಂದರು.

ಮೋಡೆಮ್ಮಿನ ಕಡೆ ಟಕ್ ಅಂದಿತು. ಕಂಪ್ಯೂಟರಿನ ಕಡೆ ಅನ್ನಲಿಲ್ಲ. ಎಷ್ಟು ಒತ್ತಿದರೂ ಕೇಬಲ್ ಮುಕ್ಕಾಲು ಒಳಗೆ ಹೋಗಿ, ಮೆಲ್ಲಗೆ ಎಳೆದರೆ ಹಾಗೇ ಈಚೆ ಬರುತ್ತಿತ್ತು. ದೂರದಿಂದ ನೋಡಿದರೆ ಸರಿಯಾಗಿ ಕೂತ ಹಾಗೇ ಕಾಣುತ್ತದೆ, ಅಪ್ಪ ಮೋಸಹೋದದ್ದರಲ್ಲಿ ಆಶ್ಚರ್ಯವಿಲ್ಲ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಆ ತೂತಿನೊಳಗೆ ನೋಡು ಅಂತ ತೇಜಸ್ವಿ ಹೇಳಿದರು. ಲೋಹದ್ದೇನನ್ನೂ ಹಾಕಬೇಡ ಅಂತಲೂ ಹೇಳಿ, ಊಟಕ್ಕೆ ಮರಳಿದರು.

ಅಜ್ಜಿ ಟಾರ್ಚ್ ಹಿಡಿದುಕೊಂಡು ಬಂದು ಮೇಜಿನ ಪಕ್ಕ ಕೂತರು. ಅಜ್ಜಿ ಮೊಮ್ಮಗಳು ಇಬ್ಬರ ತಲೆಯೂ ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂತು. ಚೌಕದ ತೂತಿನ ಒಳಗೆ ಚಿನ್ನದ ಬಣ್ಣದ ಸಣ್ಣ ತಂತಿಗಳು ಹೊಳೆದವು. ಅವುಗಳ ಕೆಳಗೆ, ಮೂಲೆಯಲ್ಲಿ, ಹಳದಿಯದೇನೋ ಅಡ್ಡ ಮಲಗಿತ್ತು.

ಅಜ್ಜಿ ಟಾರ್ಚನ್ನು ಇನ್ನಷ್ಟು ಹತ್ತಿರ ತಂದು ನೋಡಿದರು.

"ಅದು ಅಕ್ಷತೆ ಕಾಳಲ್ಲನಾ ಕೂಸೇ" ಅಂದರು ಕೊನೆಗೆ. "ನಾನೇ ಹಾಕಿದ್ದು."

ಅಜ್ಜಿಯ ಮುಖ ಸಣ್ಣದಾಯಿತು. ಅಪೂರ್ವಾಳಿಗೆ ನಗು ಬಂದಿತ್ತು, ಅದನ್ನು ನುಂಗಿಕೊಂಡಳು. ಎದ್ದು ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದಳು. ಅಜ್ಜಿ ತಕ್ಷಣ ತಡೆದರು. ದೇವರ ಅಕ್ಷತೆಗೆ ಕಸಗುಡಿಸುವ ಕಡ್ಡಿಯೇ? ಸಣ್ಣ ಮುಖದಲ್ಲೂ ಅಜ್ಜಿ ಅಜ್ಜಿಯೇ. ದೇವರ ಕೋಣೆಗೆ ಹೋಗಿ ಉರಿದು ಮುಗಿದ ಊದುಬತ್ತಿಯ ಕಡ್ಡಿ ತಂದುಕೊಟ್ಟರು.

ಅಜ್ಜಿ ಡಬ್ಬವನ್ನು ಹಿಂದಕ್ಕೆ ವಾಲಿಸಿ ಹಿಡಿದರು, ಅಪೂರ್ವಾ ಉಸಿರು ಕಟ್ಟಿ ಕಡ್ಡಿಯಿಂದ ಮೆಲ್ಲಗೆ ಮೀಟಿದಳು. ಕಾಳು ಒಮ್ಮೆ ಹೊರಳಿ ನಿಂತಿತು, ಇನ್ನೊಮ್ಮೆ ಹೊರಳಿತು, ಆಮೇಲೆ ಅಜ್ಜಿಯ ಅಂಗೈಗೆ ಬಿತ್ತು. ಅಜ್ಜಿ ಅದನ್ನು ಎಸೆಯಲಿಲ್ಲ. ಅಪೂರ್ವಾಳ ತಲೆಯ ಮೇಲೆ ಹಾಕಿ, ಒಳ್ಳೇದಾಗಲಿ ಅಂದರು.

ಟಕ್. ಪ್ಲಗ್ ಹಾಕಿ ಕಂಪ್ಯೂಟರ್ ಆನ್ ಮಾಡಿದ್ದೇ ಮೇಜಿನ ಕೆಳಗೆ ಹೊಸ ದೀಪವೊಂದು ಹಸಿರಾಗಿ ಹೊತ್ತಿತು.

ಕಂಪ್ಯೂಟರ್ ಏಳುವುದಕ್ಕೆ ಅದರದೇ ಹೊತ್ತು ಬೇಕು. ಅಪೂರ್ವಾ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಕಾದಳು. ಕಿಟಕಿಯಾಚೆ ಫೋನಿನ ತಂತಿಯ ಮೇಲೆ ಒಂದು ಮೈನಾ ಕೂತಿತ್ತು. ತಾನು ಬರೆಯುವ ಮಾತೆಲ್ಲ ಆ ಮೈನಾದ ಕಾಲಡಿಯಲ್ಲೇ ಹಾದು, ನರಸಿಂಹರಾಜಪುರ ದಾಟಿ, ಶಿವಮೊಗ್ಗ ದಾಟಿ, ಹೆಸರು ಗೊತ್ತಿಲ್ಲದ ಊರುಗಳನ್ನೆಲ್ಲ ದಾಟಿ ನೀಲಿ ಪರದೆಯ ಹಿಂದೆ ಹೋಗಿ ಇಳಿಯುತ್ತದೆ ಅಂದುಕೊಂಡಳು. ಹಕ್ಕಿಗೆ ಕಾಲಿನಲ್ಲಿ ಕಚಗುಳಿ ಆಗುತ್ತದೋ ಏನೋ. ಗಂಟೆ ನಾಲ್ಕಕ್ಕೆ ಸ್ವಲ್ಪ ಇತ್ತು.

ಚಾಟಿಂಗಿನ ಕಿಟಕಿ ತೆರೆಯಿತು. ನಯನಳ ಹೆಸರು ಬೂದು ಬಣ್ಣದಲ್ಲಿತ್ತು. ಆದರೆ ಹೆಸರಿನ ಕೆಳಗೆ ಅವಳು ಬಿಟ್ಟುಹೋದ ಮೆಸೇಜ್ ಇತ್ತು. ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಅಪೂರ್ವಾ ಒಂದೊಂದೇ ಪದ ಕೂಡಿಸಿ ಓದಿದಳು.

"ಸಾರಿ ಕಣೆ ಅಪ್ಪು. ಎರಡು ಸಂಡೇ ಬರೋಕೆ ಆಗ್ಲಿಲ್ಲ. ಈ ಸಂಡೇನೂ ಆಗಲ್ಲ. ಕಾಲನಿಲಿ ಥ್ರೋಬಾಲ್ ಟೀಮ್ ಮಾಡಿದೀವಿ, ಸಂಡೇನೇ ಪ್ರಾಕ್ಟೀಸ್. ನಾನು ಟೀಮಲ್ಲಿದೀನಿ. ತುಂಬಾ ಮಜಾ ಬರತ್ತೆ. ಪ್ಲೀಸ್ ಠೂ ಬಿಡ್ಬೇಡ. ನೀನು ಕಾದು ಕಾದು ಬೇಜಾರಾಗಿರ್ತೀಯ ಅಂತ ನಂಗೆ ಗೊತ್ತು."

ಅಪೂರ್ವಾ ಮತ್ತೆ ಮೊದಲಿಂದ ಓದಿದಳು.

ಅವಳಿಗೆ ಅಳು ಬಂತು. ಜೊತೆಗೇ ಎದೆಯ ಮೇಲಿನ ಭಾರವೊಂದು ಇಳಿದ ಹಾಗೂ ಆಯಿತು. ನೀಲಿ ಪರದೆಯ ಹಿಂದೆ ಯಾರೂ ಕೂತಿರಲಿಲ್ಲ. ತುಟಿ ಕಚ್ಚಿಕೊಂಡು ಯಾರೂ ಮೆಟ್ಟಿಲು ಇಳಿದಿರಲಿಲ್ಲ. ತಾನು ಇಲ್ಲಿ ದೀಪ ನೋಡುತ್ತ ಮಲಗಿದ್ದಾಗ ನಯನ ಅಲ್ಲಿ ಚೆಂಡು ಹಿಡಿಯಲು ಎಗರುತ್ತಿದ್ದಳು. ನಗುತ್ತಿದ್ದಳೂ ಇರಬೇಕು, ಅವಳಿಗೆ ಆಟದಲ್ಲಿ ನಗು ತಡೆಯಲು ಆಗುವುದಿಲ್ಲ. ಎದುರಿನ ಟೀಮಿಗೂ ಅದು ಅಂಟಿಬಿಡುತ್ತದೆ.

ಅದನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದಳು. ಜಡೆ ಬಂತು, ನಗು ಬಂತು. ಸುತ್ತ ಇರುವ ಹುಡುಗಿಯರ ಮುಖ ಮಾತ್ರ ಬರಲಿಲ್ಲ. ಅಂಗಳ ಎಷ್ಟು ದೊಡ್ಡದು, ಅಲ್ಲಿ ಮರ ಇದೆಯೋ ಇಲ್ಲವೋ, ಅದೂ ತಿಳಿಯಲಿಲ್ಲ.

ಜೋಡಿಸಿಟ್ಟಿದ್ದ ಕ್ಷಮೆಯ ಮಾತುಗಳಲ್ಲಿ ಒಂದೂ ಈಗ ಬೇಕಾಗಿರಲಿಲ್ಲ. ಅವಳು ಒಂದೊಂದೇ ಕೀ ಹುಡುಕಿ ಒತ್ತಿದಳು.

"ಠೂ ಇಲ್ಲ. ನಮ್ಮನೇಲೂ ನೆಟ್ ಇರ್ಲಿಲ್ಲ, ಕತೆ ಆಮೇಲೆ ಹೇಳ್ತೀನಿ. ನಿಮ್ಮ ಟೀಮಲ್ಲಿ ಯಾರ್‍ಯಾರಿದಾರೆ? ನೀನು ಎಲ್ಲಿ ನಿಂತ್ಕೋತೀಯ, ಮುಂದೋ ಹಿಂದೋ?"

ಅಜ್ಜಿ ಕಾಫಿ ಲೋಟ ಹಿಡಿದು ಬಂದು ಸ್ಕ್ರೀನ್ ಕಡೆ ಬಗ್ಗಿ ನೋಡಿದರು. ಅವರಿಗೆ ಅಕ್ಷರ ಸರಿಯಾಗಿ ಕಾಣುತ್ತಿರಲಿಲ್ಲ.

"ಸಿಕ್ಕಿದ್ಲನಾ ನಯನ?"

"ಇಲ್ಲ ಅಜ್ಜಿ. ಆಡ್ಲಿಕ್ಕೆ ಹೋಗಿದಾಳೆ" ಅಂದಳು ಅಪೂರ್ವಾ, ಪಕ್ಕದ ಬೀದಿಗೆ ಹೋದವಳ ವಿಷಯ ಹೇಳಿದ ಹಾಗೆ.